ಎಳೆತದ ಲೆಕ್ಕ ರೇಡಿಯೇಟರಿನಲ್ಲಿದೆ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಮೇ ತಿಂಗಳು ಬಂತೆಂದರೆ ಗೊಬ್ಬರ ಸಾಗಿಸುವ ಗಡಿಬಿಡಿ. ಹೂಮಳೆ ಆಗಿ, ಕಾಯಿ ಕಚ್ಚಿ, ಮುಂಗಾರು ಹಿಡಿಯುವುದರೊಳಗೆ ಮೇಲಿನ ಬ್ಲಾಕಿಗೆ ಮೂಟೆಗಳು ಹೋಗಿ ಬೀಳಬೇಕು. ಒಂದು ಹಳೆಯ ಡೀಸೆಲ್ ಜೀಪು, ಅದರ ಹಿಂದೆ ಟ್ರೇಲರು, ಟ್ರೇಲರಿನಲ್ಲಿ 50 ಕೆಜಿಯ 20 ಮೂಟೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ಟ್ರೇಲರಿನ ಹಿಂದೆ ಕಲ್ಲು ಹಿಡಿದು ಓಡುವುದು ನನ್ನ ಕೆಲಸ. ಏರಿನಲ್ಲಿ ಜೀಪು ನಿಂತರೆ ಚಕ್ರಕ್ಕೆ ಕಲ್ಲು ಕೊಡಬೇಕು.

ಆ ವರ್ಷ ಜೀಪು ಮೂರನೇ ತಿರುವಿನಲ್ಲೇ ನಿಲ್ಲತೊಡಗಿತು. ಮೊದಲು ಬಿಸಿ ರಬ್ಬರಿನ ವಾಸನೆ, ಆಮೇಲೆ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ. ನಾನು ಓಡಿಹೋಗಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಡ್ರೈವರಣ್ಣ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. "ಮುಟ್ಬೇಡ ಕಣೋ, ಮುಖ ಬೆಂದು ಹೋಗುತ್ತೆ" ಅಂದ. ಗಾಡಿ ಕುದಿಯುತ್ತಿದ್ದರೂ ಅವನು ಎಂಜಿನ್ ಆಫ್ ಮಾಡಲಿಲ್ಲ. ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು, ಎಂಜಿನ್ನನ್ನು ಒಂದೇ ಹದದಲ್ಲಿ ಓಡಿಸುತ್ತಾ ಕೂತ. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡೆ ನಾನು.

ಎಳೆತ ಕಮ್ಮಿಯಾಗಿದೆ, ಅದಕ್ಕೇ ಹೀಗೆ ತಿಣುಕಿ ಬಿಸಿಯಾಗುತ್ತಿದೆ ಎಂದು ಅಪ್ಪ ತೀರ್ಮಾನಿಸಿದರು. ಮೆಕ್ಯಾನಿಕ್ ಬಂದು ಡೀಸೆಲ್ ಪಂಪಿನ ಸೆಟ್ಟಿಂಗ್ ಏರಿಸಿ, ಎಂಜಿನ್ನಿಗೆ ಹೋಗುವ ಡೀಸೆಲ್ ಜಾಸ್ತಿ ಮಾಡಿಕೊಟ್ಟ. ಮರುದಿನ ಜೀಪು ಕಪ್ಪು ಹೊಗೆ ಬಿಡುತ್ತಾ ಸಲೀಸಾಗಿ ಏರಿತು. ಎಳೆತ ಬಂದಿದ್ದು ನಿಜ. ಆದರೆ ಮೂರನೇ ತಿರುವಿನಲ್ಲಿ ಕುದಿಯುತ್ತಿದ್ದ ಗಾಡಿ ಈಗ ಎರಡನೇ ತಿರುವಿನಲ್ಲೇ ಕುದಿಯಿತು.

ಡೀಸೆಲ್ ಜೀಪು, ಪಿಕಪ್, ಫೋರ್ ವೀಲ್ ಗಾಡಿಗಳ ಹಿಂದೆ ಏನನ್ನಾದರೂ ಕಟ್ಟಿ ಎಳೆಯುವವರಿಗೆಲ್ಲ ಹೇಳಬೇಕೆಂದು ನಾನು ಬಹಳ ವರ್ಷದಿಂದ ಅಂದುಕೊಂಡಿರುವ ಮಾತು ಆ ಎರಡು ತಿರುವುಗಳ ನಡುವೆಯೇ ಇದೆ. ಗಾಡಿ ಎಷ್ಟು ತೂಕ ಎಳೆಯಬಲ್ಲದು ಎಂಬುದನ್ನು ಎಂಜಿನ್ನಿನ ಬಲಕ್ಕಿಂತ ಮೊದಲು ತೀರ್ಮಾನಿಸುವುದು ಆ ಎಂಜಿನ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಗೆ ಹಾಕಬಲ್ಲದು ಎಂಬುದು. ಬಲ ಸಾಲದಿದ್ದರೆ ಗೇರ್ ಇಳಿಸಿ ನಿಧಾನವಾಗಿ ಹತ್ತಬಹುದು. ಬಿಸಿ ಹೊರಗೆ ಹೋಗದಿದ್ದರೆ ಯಾವ ಗೇರೂ ಕಾಪಾಡುವುದಿಲ್ಲ.

ಮಂಡ್ಯದ ಕಡೆ ಕಬ್ಬಿನ ಲೋಡು ಎಳೆಯುವ ಟ್ರ್ಯಾಕ್ಟರ್ ನೋಡಿ. 40–45 ಎಚ್‌ಪಿ ಎಂಜಿನ್. 2020ರಲ್ಲಿ ಬಂದ ಹೊಸ ಥಾರ್‌ನ 2184 ಸಿಸಿ ಡೀಸೆಲ್ ಎಂಜಿನ್ನಿನದು 130 ಎಚ್‌ಪಿ, ಹತ್ತಿರ ಹತ್ತಿರ ಮೂರು ಪಟ್ಟು. ಆದರೂ ಕಬ್ಬಿನ ಟ್ರೇಲರನ್ನು ಥಾರ್‌ಗೆ ಕಟ್ಟಲು ಯಾರೂ ಹೋಗುವುದಿಲ್ಲ. ಗೇರಿನ ಅನುಪಾತ, ಹಿಂದಿನ ಚಕ್ರದ ಮೇಲೆ ಕೂರುವ ಭಾರ, ಚಾಸಿಯ ಗಟ್ಟಿತನ ಎಲ್ಲವೂ ಇದಕ್ಕೆ ಕಾರಣ. ಇವುಗಳ ಜೊತೆಗೆ ಮಾತಿಗೆ ಬಾರದ ಇನ್ನೊಂದು ಕಾರಣ ಇದೆ. ಟ್ರ್ಯಾಕ್ಟರಿನ ರೇಡಿಯೇಟರನ್ನೂ ಫ್ಯಾನನ್ನೂ ನಿಂತಲ್ಲೇ ದುಡಿಯುವ ಎಂಜಿನ್ನಿಗೆ ಎಂದೇ ಮಾಡಿರುತ್ತಾರೆ. ಒಕ್ಕಣೆ ಯಂತ್ರ ತಿರುಗಿಸುತ್ತಾ ಕಣದಲ್ಲಿ ಗಂಟೆಗಟ್ಟಲೆ ನಿಂತರೂ, ಎದುರಿನಿಂದ ಒಂದಿಷ್ಟು ಗಾಳಿ ಬೀಸದಿದ್ದರೂ ಅದು ತಣ್ಣಗಿರಬೇಕು. ರಸ್ತೆಯ ಗಾಡಿ ತನ್ನ 130 ಎಚ್‌ಪಿಯನ್ನು ಪೂರ್ತಿಯಾಗಿ ಕೊಡುವುದು ಓವರ್‌ಟೇಕ್ ಮಾಡುವ ಹತ್ತು ಹನ್ನೆರಡು ಸೆಕೆಂಡು ಮಾತ್ರ. ಉಳಿದ ಹೊತ್ತು ಅದರ ಕಾಲು ಭಾಗವೂ ಬೇಕಾಗುವುದಿಲ್ಲ. ಟ್ರೇಲರ್ ಕಟ್ಟಿದಾಗ ನಾವು ಕೇಳುವುದು ಟ್ರ್ಯಾಕ್ಟರ್ ಮಾಡುವ ಕೆಲಸವನ್ನು. ಸೆಕೆಂಡುಗಳ ಬಲವನ್ನು ಮುಕ್ಕಾಲು ಗಂಟೆ ಬಿಡದೆ ಕೊಡು ಎನ್ನುತ್ತೇವೆ.

ಇದನ್ನು ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲಿ ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 10 ಯೂನಿಟ್ ಶಕ್ತಿ ಹುಟ್ಟುತ್ತದೆ. ಅದರಲ್ಲಿ ಮೂರನೇ ಒಂದು ಪಾಲು, ಹೊಸ ಎಂಜಿನ್ನಾದರೆ ಇನ್ನೂ ಸ್ವಲ್ಪ ಹೆಚ್ಚು, ಚಕ್ರ ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೋಗುತ್ತದೆ. ಹತ್ತಿರ ಹತ್ತಿರ ಅಷ್ಟೇ ದೊಡ್ಡ ಮತ್ತೊಂದು ಪಾಲು ಸಿಲಿಂಡರಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಅಂದರೆ ಎಂಜಿನ್ ಎಷ್ಟು ಕೆಲಸ ಮಾಡಿತೋ ಹೆಚ್ಚುಕಮ್ಮಿ ಅಷ್ಟೇ ಬಿಸಿಯನ್ನು ರೇಡಿಯೇಟರ್ ಹೊರಗೆ ಚೆಲ್ಲಬೇಕು.

ಈಗ ಒಂದು ಘಟ್ಟ ಇಟ್ಟುಕೊಳ್ಳಿ. 16 ಕಿಲೋಮೀಟರ್ ದಾರಿ, 800 ಮೀಟರ್ ಏರು. ಜೀಪು ಮತ್ತು ಅದರೊಳಗಿನ ಜನ ಸೇರಿ 2000 ಕೆಜಿ, ಟ್ರೇಲರು ಮತ್ತು ಲೋಡು 1500 ಕೆಜಿ. ಈ ಮೂರೂವರೆ ಟನ್ನನ್ನು ಮೇಲಕ್ಕೆತ್ತಲು 7.6 ಯೂನಿಟ್ ಬೇಕು. ಟೈರು ಉರುಳುವ ತಡೆ, ಗೇರ್‌ಬಾಕ್ಸಿನ ನಷ್ಟ ಎಲ್ಲ ಸೇರಿಸಿದರೆ ಎಂಜಿನ್ ಸುಮಾರು 11 ಯೂನಿಟ್ ಕೆಲಸ ಮಾಡಬೇಕು. ಅದಕ್ಕೆ 3 ಲೀಟರಿಗೂ ಮೇಲೆ ಡೀಸೆಲ್ ಉರಿಯುತ್ತದೆ, ಸುಮಾರು 10 ಯೂನಿಟ್ ಬಿಸಿ ನೀರಿಗೆ ಬರುತ್ತದೆ. ಈ ಘಟ್ಟವನ್ನು ಮುಕ್ಕಾಲು ಗಂಟೆಯಲ್ಲಿ ಹತ್ತಿದರೆ, ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರುಗಳು ಆರು ಏಳು ಒಟ್ಟಿಗೆ ಉರಿದಂತೆ. ರೇಡಿಯೇಟರಿನಲ್ಲಿರುವ ಎಂಟು ಹತ್ತು ಲೀಟರ್ ನೀರು ಈ ಬಿಸಿಯನ್ನು ಹೊತ್ತು ತಿರುಗುತ್ತಿರಬೇಕು, ತಿರುಗಿದಷ್ಟೂ ಸಲ ಅದನ್ನು ಗಾಳಿಗೆ ಬಿಟ್ಟು ಬರಬೇಕು. ಟ್ರೇಲರ್ ಇಲ್ಲದೆ ಹತ್ತಿದ್ದರೆ ಈ ಬಿಸಿ ಆರು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಹುಕ್ಕಿಗೆ ಟ್ರೇಲರ್ ಸಿಕ್ಕಿಸಿದ ತಕ್ಷಣ ಬಿಸಿ ಮುಕ್ಕಾಲು ಪಾಲು ಹೆಚ್ಚಿತು. ರೇಡಿಯೇಟರ್ ಮಾತ್ರ ಇದ್ದಷ್ಟೇ ಇದೆ.

ಡೀಸೆಲ್ ಎಂಜಿನ್ನಿನ ಒಂದು ಗುಣ ಇಲ್ಲಿ ನಮ್ಮನ್ನು ಮರುಳು ಮಾಡುತ್ತದೆ. ಅದು ಗಾಳಿಯನ್ನು ಯಾವಾಗಲೂ ಧಾರಾಳವಾಗಿ ಎಳೆದುಕೊಳ್ಳುತ್ತದೆ, ಡೀಸೆಲ್ ಮಾತ್ರ ಹೊರೆ ಇದ್ದಷ್ಟು. ಹಾಗಾಗಿ ಹೊರೆ ಇಲ್ಲದಾಗ ತಣ್ಣಗೆ ಓಡುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಇದ್ದರೂ ಪೇಟೆಗೆ ಹೋಗಿ ಬರುವಾಗ ಮುಳ್ಳು ಅಲ್ಲಾಡುವುದಿಲ್ಲ. ಗಾಡಿ ಚೆನ್ನಾಗಿದೆ ಎಂದು ನಂಬಿ ಟ್ರೇಲರ್ ಕಟ್ಟುತ್ತೇವೆ, ಅದು ಎರಡನೇ ತಿರುವಿನಲ್ಲಿ ತನ್ನ ರೋಗ ತೋರಿಸುತ್ತದೆ.

ನೀರಿನಿಂದ ಬಿಸಿಯನ್ನು ಕೊನೆಗೆ ಒಯ್ಯುವುದು ಗಾಳಿ. ನಮ್ಮ ಘಟ್ಟದ ಲೆಕ್ಕಕ್ಕೆ ಸೆಕೆಂಡಿಗೆ ಸುಮಾರು 400 ಲೀಟರ್ ಗಾಳಿ ಬೇಕು. ಡೀಸೆಲ್ ತುಂಬುವ 200 ಲೀಟರಿನ ಎರಡು ಬ್ಯಾರೆಲ್‌ಗಳಷ್ಟು ಗಾಳಿ, ಪ್ರತಿ ಸೆಕೆಂಡೂ ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ನುಗ್ಗಿ ಹೋಗಬೇಕು. ಹೈವೇಯಲ್ಲಿ 80ರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹೊತ್ತು ಹೋಗುವ ಜೀಪುಗಳನ್ನು ನೆನೆಸಿಕೊಳ್ಳಿ. ಲೋ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ತೆವಳುವ ಆ ಗಾಡಿಗೆ ಎದುರುಗಾಳಿಯೇ ಇಲ್ಲ. ಎಲ್ಲ ಭಾರವೂ ಫ್ಯಾನಿನ ಮೇಲೆ. ಅದರ ಮೇಲೆ ಕೆಸರು. ಗಟ್ಟಿ ಟಾರಿನ ಮೇಲೆ ಟೈರು ಉರುಳಲು ಗಾಡಿಯ ತೂಕದ ನೂರಕ್ಕೆ ಒಂದೂವರೆ ಭಾಗದಷ್ಟು ಎಳೆತ ಸಾಕು. ಮೆದು ಕೆಸರಿನಲ್ಲಿ ನೂರಕ್ಕೆ ಹತ್ತು ಭಾಗ, ಕೆಲವು ಕಡೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಮಳೆಗಾಲದ ತೋಟದ ರಸ್ತೆ ಸಮತಟ್ಟಾಗಿ ಕಂಡರೂ ಎಂಜಿನ್ನಿನ ಪಾಲಿಗೆ ಅದು ಕಡಿದಾದ ಘಟ್ಟವೇ.

ಫ್ಯಾನ್ ತಿರುಗುತ್ತಿದೆ ಎಂದರೆ ಗಾಳಿ ಬರುತ್ತಿದೆ ಎಂದು ನಂಬುವ ಹಾಗಿಲ್ಲ. ರೇಡಿಯೇಟರಿಗೂ ಫ್ಯಾನಿಗೂ ನಡುವೆ ಒಂದು ಕವಚ ಇರುತ್ತದೆ, ಗ್ಯಾರೇಜಿನವರು ಅದನ್ನು ಶ್ರೌಡ್ ಅಥವಾ ಫ್ಯಾನ್ ಕವರ್ ಎನ್ನುತ್ತಾರೆ. ಪ್ಲಾಸ್ಟಿಕ್ಕಿನ ಕೊಳಗದ ಹಾಗಿರುವ ಆ ತುಂಡು ನೋಡಲು ಏನೂ ಅಲ್ಲ. ರೇಡಿಯೇಟರ್ ಕಳಚಿ ಜೋಡಿಸುವಾಗ ಬೋಲ್ಟು ಸಿಗಲಿಲ್ಲ ಎಂದು ಅದನ್ನು ಮೂಲೆಗೆ ಬಿಸಾಡಿಬಿಡುತ್ತಾರೆ. ಕವಚ ಇದ್ದರೆ ಫ್ಯಾನು ರೇಡಿಯೇಟರಿನ ನಾಲ್ಕೂ ಮೂಲೆಗಳಿಂದ ಗಾಳಿ ಎಳೆಯುತ್ತದೆ. ಇಲ್ಲದಿದ್ದರೆ ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಎಳೆಯುತ್ತದೆ, ಉಳಿದದ್ದಕ್ಕೆ ಎಂಜಿನ್ ಕೋಣೆಯೊಳಗಿನ ಬಿಸಿಗಾಳಿಯನ್ನೇ ಪಕ್ಕದಿಂದ ಎಳೆದು ಮತ್ತೆ ಅಲ್ಲೇ ಸುತ್ತಿಸುತ್ತದೆ.

ನಮ್ಮ ಜೀಪಿನ ಕತೆಯೂ ಕೊನೆಗೆ ಇಲ್ಲಿಗೇ ಬಂತು. ಆ ಬೇಸಿಗೆಯಲ್ಲೇ ಅಪ್ಪ ಅದನ್ನು ಬೇರೊಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಅವರು ಎಂಜಿನ್ನಿಗೆ ಕೈ ಹಾಕಲೇ ಇಲ್ಲ. ಬಾನೆಟ್ ತೆಗೆದು, ರೇಡಿಯೇಟರಿನ ಹಿಂದೆ ಒಂದು ಬಲ್ಬ್ ಹಿಡಿದು, "ಈ ಕಡೆಯಿಂದ ನೋಡು ಮಾರಾಯ" ಎಂದು ನನ್ನನ್ನು ಮುಂದೆ ನಿಲ್ಲಿಸಿದರು. ಬೆಳಕು ಕಾಣಿಸಿದ್ದು ಮೇಲಿನ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ. ಉಳಿದದ್ದು ಕತ್ತಲೆ. ಹಿಂದಿನ ಮಳೆಗಾಲದ ಕೆಸರು, ಸಿಲ್ವರ್ ಓಕಿನ ಎಲೆಚೂರು, ಸತ್ತ ಹುಳುಗಳು, ಎಲ್ಲವನ್ನೂ ಸೋರಿದ ಆಯಿಲು ಅಂಟಿಸಿ ಇಟ್ಟಿತ್ತು. ಆ ಜೀಪು ಮೊದಲು ಪೆಟ್ರೋಲ್ ಗಾಡಿಯಾಗಿತ್ತು, ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಮಲೆನಾಡಿನಲ್ಲಿ ಎಷ್ಟೋ ಜೀಪುಗಳ ಚರಿತ್ರೆ ಇದೇ. ಎಂಜಿನ್ ಹೊಸದಾಯಿತು, ರೇಡಿಯೇಟರ್ ಹಳೆಯದೇ ಉಳಿಯಿತು. ಹೊಸ ಎಂಜಿನ್ ನಾಲ್ಕು ಬೆರಳು ಹಿಂದಕ್ಕೆ ಕೂತಿದ್ದರಿಂದ ಫ್ಯಾನಿಗೂ ರೇಡಿಯೇಟರಿಗೂ ನಡುವೆ ಅಂತರ ಬಿದ್ದಿತ್ತು, ಕವಚ ಹೊಂದದೆ ತೆಗೆದು ಹಾಕಿದ್ದರು. ಅಂಥ ಗಾಡಿಗೆ ನಾವು ಪಂಪಿನ ಸೆಟ್ಟಿಂಗ್ ಏರಿಸಿ ಇನ್ನಷ್ಟು ಡೀಸೆಲ್ ಕುಡಿಸಿದ್ದೆವು.

ಆ ಮೆಕ್ಯಾನಿಕ್ ರೇಡಿಯೇಟರನ್ನು ಬಿಚ್ಚಿ, ಎಂಜಿನ್ನಿನ ಕಡೆಯಿಂದ ಹೊರಗಿನ ಕಡೆಗೆ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟರು. ಕಾಫಿ ಬಣ್ಣದ ನೀರು ಬಹಳ ಹೊತ್ತು ಇಳಿಯಿತು. ಈ ದಿಕ್ಕು ಮುಖ್ಯ. ಸರ್ವಿಸ್ ಸ್ಟೇಷನ್ನಿನ ಜೋರು ಪಂಪಿನಿಂದ ಮುಂದಿನಿಂದ ಹೊಡೆದರೆ ಕೆಸರು ಇನ್ನೂ ಒಳಕ್ಕೆ ಕೂರುತ್ತದೆ, ತೆಳು ಫಿನ್ನುಗಳು ಮಡಚಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಈಗಿನ ಗಾಡಿಗಳಲ್ಲಿ ರೇಡಿಯೇಟರಿನ ಮುಂದೆ ಎಸಿಯ ಕಂಡೆನ್ಸರ್, ಟರ್ಬೊದ ಇಂಟರ್‌ಕೂಲರ್ ಪದರ ಪದರವಾಗಿ ಕೂತಿರುತ್ತವೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ. ಕಸ ಇರುವುದು ಎರಡು ಪದರಗಳ ನಡುವೆ. ಟಾರ್ಚ್ ಹಿಡಿಯದೆ ಅದು ಕಾಣುವುದಿಲ್ಲ. ಇದು ಸಾಲದೆಂದು ನಾವು ಗ್ರಿಲ್ಲಿನ ಮುಂದೆ ದೊಡ್ಡ ಲೈಟು, ಕಬ್ಬಿಣದ ಬುಲ್ ಬಾರ್ ಕೂರಿಸುತ್ತೇವೆ. ಬುಲ್ ಬಾರ್ ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದು ಅಪಘಾತದ ಕಾರಣಕ್ಕೆ. ಎಂಜಿನ್ನಿಗೂ ಆ ಅಡ್ಡಗಟ್ಟು ಒಳ್ಳೆಯದಲ್ಲ.

ಇನ್ನು ಗೇರಿನ ವಿಷಯ. ಏರಿನಲ್ಲಿ ಎಂಜಿನ್ ಜೋರಾಗಿ ಕೂಗಿದರೆ ನಮ್ಮ ಮನಸ್ಸಿಗೆ ಹಿಂಸೆ. ಪಾಪ, ತೊಂದರೆ ಪಡುತ್ತಿದೆ ಎಂದು ಮೇಲಿನ ಗೇರಿಗೆ ಹಾಕುತ್ತೇವೆ. ಸದ್ದು ಇಳಿಯುತ್ತದೆ, ಎಂಜಿನ್ ಗುರುಗುರು ಎನ್ನುತ್ತಾ ಎಳೆಯುತ್ತದೆ, ನಮಗೆ ಸಮಾಧಾನ. ಒಳಗೆ ನಡೆಯುವುದು ತದ್ವಿರುದ್ಧ. ನೀರಿನ ಪಂಪು ಎಂಜಿನ್ನಿಗೆ ಬೆಲ್ಟಿನಿಂದ ಕಟ್ಟಿಕೊಂಡಿದೆ, ಹಳೆಯ ಜೀಪುಗಳಲ್ಲಿ ಫ್ಯಾನೂ ಹಾಗೆಯೇ. ಎಂಜಿನ್ನಿನ ಸುತ್ತು ಇಳಿದರೆ ನೀರಿನ ಹರಿವೂ ಇಳಿಯುತ್ತದೆ, ಗಾಳಿಯೂ ಇಳಿಯುತ್ತದೆ. ಬಿಸಿ ಮಾತ್ರ ಅಷ್ಟೇ ಹುಟ್ಟುತ್ತಿರುತ್ತದೆ, ಏಕೆಂದರೆ ಎತ್ತಬೇಕಾದ ತೂಕ ಅಷ್ಟೇ ಇದೆ. ಮುಳ್ಳು ಏರತೊಡಗಿದರೆ ಮೊದಲು ಮಾಡಬೇಕಾದದ್ದು ಗೇರ್ ಇಳಿಸಿ, ವೇಗ ಇಳಿಸಿ, ಎಂಜಿನ್ನನ್ನು ಕೂಗಲು ಬಿಡುವುದು. ತೋಟದ ಏರುಗಳಲ್ಲಾದರೆ ಫೋರ್ ವೀಲಿನ ಲೋ ರೇಂಜ್ ಇರುವುದೇ ಇದಕ್ಕೆ. ಅದು ಚಕ್ರದ ಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡಿ, ವೇಗವನ್ನು ಅಷ್ಟೇ ಪಟ್ಟು ಇಳಿಸುತ್ತದೆ. ಏರಿನಲ್ಲಿ ನಿಂತ ಟ್ರೇಲರನ್ನು ಕದಲಿಸುವಾಗ ಕ್ಲಚ್ ಸುಡುವುದನ್ನೂ ತಪ್ಪಿಸುತ್ತದೆ.

ನಮ್ಮ ಡ್ರೈವರಣ್ಣ ಕುದಿಯುವ ಗಾಡಿಯನ್ನು ಆಫ್ ಮಾಡದೆ ಕೂತದ್ದೂ ಇದೇ ತಿಳಿವಳಿಕೆಯಿಂದ. ತಟ್ಟನೆ ಆಫ್ ಮಾಡಿದರೆ ಪಂಪು ನಿಲ್ಲುತ್ತದೆ, ನೀರು ನಿಂತಲ್ಲೇ ನಿಲ್ಲುತ್ತದೆ. ಕಾದ ಸಿಲಿಂಡರ್ ಹೆಡ್ಡಿನ ಲೋಹದಿಂದ ಬಿಸಿ ಆ ನಿಂತ ನೀರಿಗೇ ಇಳಿದು ಅಲ್ಲಲ್ಲೇ ಹಬೆಯಾಗುತ್ತದೆ. ಹೊರೆ ತೆಗೆದು, ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೆಚ್ಚಿನ ಸುತ್ತಿನಲ್ಲಿ ಓಡಿಸಿದರೆ ಬಿಸಿ ಹುಟ್ಟುವುದು ಕಮ್ಮಿ, ಹೊರಗೆ ಹೋಗುವುದು ಹೆಚ್ಚು. ಟರ್ಬೊ ಇರುವ ಎಂಜಿನ್ನಿಗಂತೂ ಇದು ಇನ್ನೂ ಮುಖ್ಯ. ಏರು ಮುಗಿಸಿ ನಿಂತ ಕೂಡಲೇ ಕೀ ತಿರುಗಿಸಿದರೆ ಕೆಂಡದಂತಿರುವ ಟರ್ಬೊದ ಬೇರಿಂಗಿಗೆ ಆಯಿಲ್ ನಿಂತು, ಅಲ್ಲೇ ಸುಟ್ಟು ಕರಿಯಾಗಿ ಕೂರುತ್ತದೆ. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಆದರೆ ಹೋಸು ಒಡೆದು ನೀರೆಲ್ಲ ಸುರಿದು ಹೋಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಆಗ ತಕ್ಷಣ ಆಫ್ ಮಾಡಲೇಬೇಕು. ತಣ್ಣೀರು ತಂದು ಕಾದ ಎಂಜಿನ್ನಿನ ಮೇಲೆ ಸುರಿಯುವುದಂತೂ ಬೇಡವೇ ಬೇಡ, ಹೆಡ್ಡು ಬಿರುಕು ಬಿಡುತ್ತದೆ. ಘಟ್ಟದಲ್ಲಿ ಇನ್ನೊಂದು ಉಪಾಯ ಇದೆ. ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ತೆರೆದಿಡಿ. ಹೀಟರ್ ಎಂದರೆ ಎಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರು. ಕೂತವರು ಬೆವರುತ್ತಾರೆ, ಗಾಡಿ ತಿರುವು ದಾಟುತ್ತದೆ.

ಮುಚ್ಚಳದ ಬಗ್ಗೆಯೂ ಹೇಳಬೇಕು. ರೇಡಿಯೇಟರಿನ ಮುಚ್ಚಳದೊಳಗೆ ಒಂದು ಸ್ಪ್ರಿಂಗ್ ಇದೆ. ಸಾಮಾನ್ಯವಾಗಿ ಅದು 0.9 ಬಾರ್‌ವರೆಗೆ ಒತ್ತಡ ಹಿಡಿದಿಡುತ್ತದೆ. ಮೂಡಿಗೆರೆಯಂಥ ಎತ್ತರದಲ್ಲಿ, ಸುಮಾರು 1000 ಮೀಟರಿನಲ್ಲಿ, ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಒತ್ತಡದಲ್ಲಿ ಅದೇ ನೀರು 117 ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಸ್ಪ್ರಿಂಗ್ ಸಡಿಲವಾಗಿ, ರಬ್ಬರು ಹರಿದ ಮುಚ್ಚಳದಿಂದ ಈ 20 ಡಿಗ್ರಿಯ ರಕ್ಷಣೆ ಪೂರ್ತಿ ಹೋಗಿಬಿಡುತ್ತದೆ. ಕಮ್ಮಿ ದುಡ್ಡಿನ ಮುಚ್ಚಳ ಬದಲಿಸದೆ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡವರನ್ನು ನಾನು ಬಲ್ಲೆ. ಬಿಸಿ ಗಾಡಿಯ ಮುಚ್ಚಳ ತೆರೆದರೆ ಮುಖಕ್ಕೆ ಹಾರುವುದೂ ಈ ಒತ್ತಡವೇ. ಅಲ್ಲಿಯವರೆಗೆ ನೀರಾಗಿಯೇ ಇದ್ದದ್ದು ಒತ್ತಡ ಬಿಟ್ಟ ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ.

ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. "ಸಾರ್, ಇದು ನಮ್ಮ ಊರಿನ ಹವೆಗೆ ಬೇಡ" ಎನ್ನುತ್ತಾರೆ. 82 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುವ ಈ ವಾಲ್ವು ಎಂಜಿನ್ನನ್ನು ಬೇಗ ಬಿಸಿ ಮಾಡುತ್ತದೆ, ಆಮೇಲೆ ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಇಲ್ಲದಿದ್ದರೆ ಡೀಸೆಲ್ ಎಂಜಿನ್ ತಣ್ಣಗೆ ಓಡಿ ಸವೆಯುತ್ತದೆ, ಹೊಗೆ ಬಿಡುತ್ತದೆ. ಅಷ್ಟೇ ಆಗಿದ್ದರೆ ಒಂದು ಮಾತು. ಅನೇಕ ಎಂಜಿನ್ನುಗಳಲ್ಲಿ ಈ ವಾಲ್ವು ತೆರೆಯುವಾಗ ತನ್ನ ಇನ್ನೊಂದು ತುದಿಯಿಂದ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವು ಕಿತ್ತರೆ ಆ ದಾರಿ ತೆರೆದೇ ಉಳಿಯುತ್ತದೆ, ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಖಾಲಿ ಓಡುವಾಗ ತಣ್ಣಗೆ, ಟ್ರೇಲರ್ ಕಟ್ಟಿದಾಗ ಕುದಿತ. ವಾಲ್ವು ಕೆಟ್ಟಿದ್ದರೆ ಹೊಸದು ಹಾಕಿಸಿ. ನೀರಿನ ಬದಲು ಗಾಡಿಗೆ ಹೇಳಿದ ಕೂಲೆಂಟನ್ನೇ ಹಾಕಿಸಿ. ಬೋರ್‌ವೆಲ್ ನೀರಿನ ಸುಣ್ಣ ಒಳಗಿನ ಕೊಳವೆಗಳಿಗೆ ಪೊರೆ ಕಟ್ಟುತ್ತದೆ, ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಎಳೆಯುವ ತೂಕಕ್ಕೂ ತಂಪಿಗೂ ಇರುವ ನಂಟು ಎಷ್ಟು ಹತ್ತಿರದ್ದು ಎಂಬುದಕ್ಕೆ ಅಮೆರಿಕದ ಒಂದು ರಸ್ತೆ ಸಾಕ್ಷಿ. ಅರಿಜೋನಾದಲ್ಲಿ ಕೊಲರಾಡೋ ನದಿಗೆ ಕಟ್ಟಿದ ಡೇವಿಸ್ ಅಣೆಕಟ್ಟಿನ ಹತ್ತಿರ, ಬುಲ್‌ಹೆಡ್ ಸಿಟಿಯಿಂದ ಮರುಭೂಮಿಯ ಬೆಟ್ಟಕ್ಕೆ ಏರುವ ಸುಮಾರು 18 ಕಿಲೋಮೀಟರ್ ದಾರಿ ಅದು. ಏರು ಸುಮಾರು 900 ಮೀಟರ್, ಮೇಲೆ ನಾವು ಲೆಕ್ಕ ಹಾಕಿದ ಘಟ್ಟದ ಹಾಗೆಯೇ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಪ್ರತಿ ಕಂಪನಿಯೂ ತನ್ನ ಗಾಡಿ ಎಳೆಯುವ ತೂಕವನ್ನು ತಾನೇ ಅಳೆದು ಹೇಳಿಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಅಳತೆಗೋಲು ಇರಲಿ ಎಂದು 2008ರಲ್ಲಿ ಎಸ್‌ಎಇ ಜೆ2807 ಎಂಬ ಮಾನದಂಡ ಬಂತು. ಅದರ ಮುಖ್ಯ ಪರೀಕ್ಷೆಗಳಲ್ಲೊಂದು ಈ ಡೇವಿಸ್ ಡ್ಯಾಮ್ ಏರು. ಹವೆ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಎಸಿ ಪೂರ್ತಿ ಓಡುತ್ತಿರಬೇಕು. ಹೇಳಿಕೊಂಡ ಪೂರ್ತಿ ತೂಕವನ್ನು ಹಿಂದೆ ಕಟ್ಟಿಕೊಂಡು, ಸಾಮಾನ್ಯ ಗಾತ್ರದ ಗಾಡಿ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗೆ ಇಳಿಯದೆ ಮೇಲೆ ತಲುಪಬೇಕು, ಎಂಜಿನ್ನೂ ಗೇರ್‌ಬಾಕ್ಸೂ ಸುರಕ್ಷಿತವಾಗಿರಬೇಕು. ಅದೇ ಮಾನದಂಡದಲ್ಲಿ ಶೇಕಡಾ 12ರ ಏರಿನಲ್ಲಿ ನಿಂತು ಐದು ನಿಮಿಷದೊಳಗೆ ಐದು ಸಲ ಗಾಡಿ ಕದಲಿಸಿ ತೋರಿಸುವ ಪರೀಕ್ಷೆಯೂ ಇದೆ. ಮೊದಲು ಇದನ್ನು ಒಪ್ಪಿಕೊಂಡದ್ದು ಟೊಯೊಟಾ, 2011ರ ಮಾದರಿಗಳಿಂದ. ಅದರ ಟುಂಡ್ರಾ ಪಿಕಪ್ಪಿನ ಎಳೆಯುವ ಅಂಕಿ ಆಗ ಇಳಿಯಿತು. ಗಾಡಿ ಬದಲಾಗಿರಲಿಲ್ಲ, ಅಳತೆ ಬದಲಾಗಿತ್ತು.

38 ಡಿಗ್ರಿ ಎಂದು ಯಾಕೆ ಹಟ ಹಿಡಿದರು ಎಂಬುದು ಸಣ್ಣ ಲೆಕ್ಕ. ರೇಡಿಯೇಟರ್ ಬಿಸಿ ಬಿಡುವುದು ನೀರಿಗೂ ಗಾಳಿಗೂ ಇರುವ ವ್ಯತ್ಯಾಸದಿಂದ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಗಾಳಿ 40 ಆದರೆ ಅಂತರ 55ಕ್ಕೆ ಇಳಿಯಿತು. ಅದೇ ರೇಡಿಯೇಟರು, ಅದೇ ಫ್ಯಾನು, ಐದನೇ ಒಂದು ಭಾಗ ಶಕ್ತಿ ಮಾಯ. ಜನವರಿಯ ಚಳಿಯಲ್ಲಿ ಮಡಿಕೇರಿಗೆ ಎಳೆದ ಲೋಡನ್ನು ಏಪ್ರಿಲಿನಲ್ಲಿ ರಾಯಚೂರಿನ ಕಡೆ ಎಳೆಯಬಹುದು ಎಂದುಕೊಳ್ಳುವ ಹಾಗಿಲ್ಲ.

ಲ್ಯಾಂಡ್ ರೋವರ್ ಡಿಫೆಂಡರ್, ಟೊಯೊಟಾ ಹೈಲಕ್ಸ್‌ಗಳಿಗೆ ಹೊರದೇಶಗಳಲ್ಲಿ 3500 ಕೆಜಿ ಎಳೆಯುವ ಶಕ್ತಿ ಎಂದು ಬರೆದಿರುವುದನ್ನು ನೋಡಿ ನಮ್ಮ ಹುಡುಗರು ಕಣ್ಣರಳಿಸುತ್ತಾರೆ. ಆ ಅಂಕಿ ತನ್ನದೇ ಬ್ರೇಕ್ ಇರುವ ಟ್ರೇಲರಿಗೆ. ಬ್ರೇಕ್ ಇಲ್ಲದ ಟ್ರೇಲರಿಗೆ ಮಿತಿ 750 ಕೆಜಿ ಮಾತ್ರ. ಅದೂ ಅಲ್ಲದೆ ಗಾಡಿ ಮತ್ತು ಟ್ರೇಲರ್ ಎರಡೂ ಸೇರಿದ ಒಟ್ಟು ತೂಕಕ್ಕೆ ಬೇರೆಯೇ ಮಿತಿ ಇರುತ್ತದೆ. ಆಸ್ಟ್ರೇಲಿಯಾದಲ್ಲಿ 3.2 ಲೀಟರ್ ಡೀಸೆಲ್ಲಿನ ಫೋರ್ಡ್ ರೇಂಜರ್ 3500 ಕೆಜಿ ಎಳೆಯಬಹುದು, ತಾನು 3200 ಕೆಜಿವರೆಗೆ ತೂಗಬಹುದು, ಆದರೆ ಎರಡೂ ಸೇರಿ 6000 ಕೆಜಿ ದಾಟುವಂತಿಲ್ಲ. ಕೂಡಿ ನೋಡಿ, 700 ಕೆಜಿ ಹೆಚ್ಚಾಗುತ್ತದೆ. ಟ್ರೇಲರಿಗೆ ತುಂಬಿದರೆ ಗಾಡಿಯಿಂದ ಇಳಿಸಲೇಬೇಕು. ನಮ್ಮ ತೋಟಗಳಲ್ಲಿ ಓಡುವ ಟ್ರೇಲರುಗಳಲ್ಲಿ ಬ್ರೇಕ್ ಇರುವಂಥದ್ದನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಅವುಗಳಲ್ಲಿ ಒಂದೂವರೆ ಟನ್ ಹೇರುತ್ತೇವೆ. ಇದು ನನಗೆ ನಿಜವಾಗಿಯೂ ಭಯ ಹುಟ್ಟಿಸುವ ವಿಷಯ.

ಡ್ಯಾಶ್‌ಬೋರ್ಡಿನ ಮುಳ್ಳನ್ನೂ ಪೂರ್ತಿ ನಂಬಬೇಡಿ. ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ಆ ಮುಳ್ಳನ್ನು 75ರಿಂದ 105 ಡಿಗ್ರಿವರೆಗೂ ನಡುವಿನಲ್ಲೇ ನಿಲ್ಲುವ ಹಾಗೆ ಹೊಂದಿಸಿರುತ್ತಾರೆ, ಮಾಲೀಕ ಗಾಬರಿಯಾಗಬಾರದು ಎಂದು. ಅದು ಕದಲಿತು ಎಂದರೆ ಆಗಲೇ ತಡವಾಗಿದೆ. ನೀರು ಪೂರ್ತಿ ಸೋರಿ ಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನೇತಾಡುತ್ತಾ ತಣ್ಣಗಿದೆ ಎಂದು ಸುಳ್ಳು ಹೇಳುವುದೂ ಉಂಟು. ಟ್ರೇಲರ್ ಕಟ್ಟುವವರು ಡಿಗ್ರಿ ತೋರಿಸುವ ಒಂದು ಸಣ್ಣ ಮೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ಟ್ಯೂನ್ ಮಾಡಿಸಿ 130ನ್ನು 160 ಎಚ್‌ಪಿ ಮಾಡಿಸಿಕೊಂಡವರಂತೂ ಹಾಕಿಸಲೇಬೇಕು. ಅವರು ಮಾಡಿಸಿದ್ದು ನಮ್ಮ ಪಂಪು ಸೆಟ್ಟಿಂಗಿನ ಹೊಸ ರೂಪ. ಎಂಜಿನ್ ಹೆಚ್ಚು ಉರಿಸುತ್ತದೆ, ರೇಡಿಯೇಟರ್ ಮೊದಲಿನಷ್ಟೇ.

ಏರಿದ್ದು ಇಳಿಯಲೇಬೇಕು. ಮೇಲೇರಲು ಖರ್ಚಾದ ಆ 7.6 ಯೂನಿಟ್ ಇಳಿಯುವಾಗ ಮತ್ತೆ ಬಿಸಿಯಾಗಿ ಬರುತ್ತದೆ, ಟೈರು ಮತ್ತು ಎಂಜಿನ್ ತಡೆದಷ್ಟು ಬಿಟ್ಟರೆ ಉಳಿದದ್ದೆಲ್ಲ ಈ ಸಲ ಬ್ರೇಕಿನ ಡ್ರಮ್ಮಿಗೆ. ಅಲ್ಲಿ ನೀರೂ ಇಲ್ಲ, ಫ್ಯಾನೂ ಇಲ್ಲ. ಬ್ರೇಕ್ ಆಯಿಲು ವರ್ಷ ಕಳೆದಂತೆ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ 205 ಡಿಗ್ರಿವರೆಗೂ ತಡೆದುಕೊಳ್ಳಬೇಕಾದ ಡಾಟ್ 3 ಆಯಿಲು ತೇವ ಹೀರಿದ ಮೇಲೆ 140ರ ಸುಮಾರಿಗೇ ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲು ನೆಲಕ್ಕೆ. ಡೀಸೆಲ್ ಎಂಜಿನ್ನಿಗೆ ಗಾಳಿಯ ದಾರಿ ಮುಚ್ಚುವ ತಗಡು ಇಲ್ಲದಿರುವುದರಿಂದ ಕಾಲು ತೆಗೆದಾಗ ಅದು ಹಿಡಿದಿಡುವ ಶಕ್ತಿ ಪೆಟ್ರೋಲಿಗಿಂತ ಕಮ್ಮಿ. ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಇರುವುದು ಅದಕ್ಕೇ. ಜೀಪಿಗೆ ಇರುವುದು ಲೋ ಗೇರ್ ಒಂದೇ, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ನಡುವಿನಲ್ಲಿ ಹಾಕಲು ಹೋದರೆ ನ್ಯೂಟ್ರಲ್ ಆದ ಆ ಒಂದು ಕ್ಷಣದಲ್ಲಿ ಟ್ರೇಲರ್ ಹಿಂದಿನಿಂದ ನೂಕುತ್ತದೆ.

ಕೊನೆಗೆ ಆ ಹಳೆಯ ರೇಡಿಯೇಟರನ್ನೇ ಬದಲಿಸಿ, ತಗಡು ಬಗ್ಗಿಸಿ ಕವಚ ಮಾಡಿಸಿ, ಪಂಪಿನ ಸೆಟ್ಟಿಂಗನ್ನು ಮೊದಲಿನಂತೆ ಇಳಿಸಿದ ಮೇಲೆ ನಮ್ಮ ಜೀಪು ಮತ್ತೆ ಕುದಿಯಲಿಲ್ಲ. ಡ್ರೈವರಣ್ಣ ಮಾತ್ರ 20 ಮೂಟೆಗೆ ವಾಪಸು ಹೋಗಲಿಲ್ಲ. 12 ಮೂಟೆಯ ಎರಡು ಟ್ರಿಪ್ ಹೊಡೆಯುತ್ತಿದ್ದ. ಅಪ್ಪ ಡೀಸೆಲ್ ಖರ್ಚಿನ ಮಾತು ತೆಗೆದರೆ ಕೇಳಿಸದವನ ಹಾಗೆ ಹೋಗುತ್ತಿದ್ದ. ಜನವರಿಯಲ್ಲಿ ಕಾಫಿ ಹಣ್ಣಿನ ಚೀಲ ಹೇರಿ ಇಳಿದು ಬಂದಾಗಲೆಲ್ಲ ಕಣದ ಹತ್ತಿರ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿಸಿ, ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂರುತ್ತಿದ್ದ. ಡ್ರಮ್ಮನ್ನು ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಅಲ್ಲಿ ಕೈ ಹಿಡಿಯಲಾಗದಷ್ಟು ಝಳ ಬಂದ ದಿನ, ಮುಂದಿನ ಟ್ರಿಪ್ಪಿಗೆ ಎರಡು ಚೀಲ ಕಮ್ಮಿ ಹೇರಿಸುತ್ತಿದ್ದ.